ಫ್ರಾಯ್ಡ್‌ನ ಮಂಚ, ಎದುರುಬದುರು ಕುರ್ಚಿ

ಬೆಂಗಳೂರಿನ ಕೌನ್ಸೆಲರ್‌ಗಳು ತಮ್ಮ ಬಗ್ಗೆ ಬರೆದುಕೊಳ್ಳುವ ಪರಿಚಯದಲ್ಲಿ ಹೆಸರು, ಓದು ಆದಮೇಲೆ ಒಂದು ಸಾಲು ಬರುತ್ತದೆ: ಸಿಬಿಟಿ, ಮೈಂಡ್‌ಫುಲ್‌ನೆಸ್, ಸೈಕೋಡೈನಮಿಕ್. ಮೊದಲಿನ ಎರಡರ ಬಗ್ಗೆ ಓದುಗರಿಗೆ ಅಷ್ಟಿಷ್ಟು ಗೊತ್ತು. ಮೂರನೆಯದು ಏನು ಎಂದು ಕೇಳಿದರೆ ಸಿಗುವ ಉತ್ತರ ಎರಡು ಬಗೆಯದು. 'ಅದೇ ಫ್ರಾಯ್ಡ್‌ದಲ್ವಾ, ಮಂಚದ ಮೇಲೆ ಮಲಗಿಸಿ ಅಮ್ಮನ ಬಗ್ಗೆ ಕೇಳೋದು' ಅನ್ನುವವರು ಕೆಲವರು. 'ಛೇ, ಫ್ರಾಯ್ಡ್ ಎಲ್ಲ ಹಳೇದಾಯ್ತು, ಇದೇ ಬೇರೆ' ಅನ್ನುವವರು ಇನ್ನು ಕೆಲವರು. ಇಬ್ಬರ ಮಾತಿನಲ್ಲೂ ಅರ್ಧ ನಿಜವಿದೆ. ಉಳಿದರ್ಧ ಗೊತ್ತಾಗದೆ ಹೋದರೆ ವಾರವಾರ ದುಡ್ಡು, ಸಮಯ ಎರಡನ್ನೂ ಕೊಟ್ಟು ಏನನ್ನು ಪಡೆಯುತ್ತಿದ್ದೇವೆ ಎಂಬುದೇ ತಿಳಿಯುವುದಿಲ್ಲ.

ಚುಟುಕಾಗಿ ಹೇಳಿದರೆ, ಫ್ರಾಯ್ಡ್ ಕಟ್ಟಿದ ಮನೋವಿಶ್ಲೇಷಣೆಯ ತಿಳಿವಳಿಕೆಯನ್ನು ಉಳಿಸಿಕೊಂಡು ಅದರ ಕಟ್ಟುಪಾಡುಗಳನ್ನು ಸಡಿಲಿಸಿ ನಡೆಸುವ ಮಾತಿನ ಚಿಕಿತ್ಸೆಯೇ ಸೈಕೋಡೈನಮಿಕ್ ಥೆರಪಿ. ತಿಳಿವಳಿಕೆ ಅಂದರೆ ಇದು: ನಾವು ಮಾಡುವುದರಲ್ಲಿ ಎಷ್ಟೋ ಪಾಲಿಗೆ ಕಾರಣ ನಮಗೇ ಗೊತ್ತಿರುವುದಿಲ್ಲ. ತಾಳಿಕೊಳ್ಳಲಾಗದ ಭಾವನೆಯನ್ನು ಮನಸ್ಸು ಬಚ್ಚಿಡುತ್ತದೆ, ತಿರುಚುತ್ತದೆ, ಒಮ್ಮೊಮ್ಮೆ ಇನ್ನೊಬ್ಬರ ತಲೆಗೆ ಕಟ್ಟುತ್ತದೆ. ಚಿಕ್ಕಂದಿನಲ್ಲಿ ಮನೆಯೊಳಗೆ ಕಲಿತ ಸಂಬಂಧದ ರೀತಿಯನ್ನೇ ದೊಡ್ಡವರಾದ ಮೇಲೂ ಕಂಡಕಂಡವರ ಜೊತೆ ನಡೆಸುತ್ತಿರುತ್ತೇವೆ, ಚಿಕಿತ್ಸಕರ ಜೊತೆಗೂ ಸಹ. ಕಟ್ಟುಪಾಡು ಯಾವುದು, ಅದನ್ನು ಸಡಿಲಿಸಿದರೆ ಉಳಿಯುವುದೇನು ಎಂಬುದರ ಸುತ್ತ ನೂರು ವರ್ಷಗಳಿಂದ ಜಗಳ ನಡೆದಿದೆ.

ಎಲ್ಲರಿಗೂ ನೆನಪಿರುವುದು ಮಂಚ. ಅದು ಫ್ರಾಯ್ಡ್‌ಗೆ ರೋಗಿಯೊಬ್ಬಳು ಕೊಟ್ಟ ಉಡುಗೊರೆ. ವಿಯೆನ್ನಾದ ಬೆರ್ಗಾಸೆ ಬೀದಿಯ 19ನೇ ನಂಬರಿನ ಮನೆಯಲ್ಲಿ ಪರ್ಷಿಯನ್ ರತ್ನಗಂಬಳಿ ಹೊದ್ದುಕೊಂಡು ದಶಕಗಟ್ಟಲೆ ಇತ್ತು. 1938ರಲ್ಲಿ ಅವನು ನಾಜಿಗಳಿಂದ ತಪ್ಪಿಸಿಕೊಂಡು ಲಂಡನ್ ಸೇರಿದಾಗ ಮಂಚವೂ ಅಲ್ಲಿಗೆ ಹೋಯಿತು. ಈಗ ಅಲ್ಲಿನ ಮ್ಯೂಸಿಯಂನಲ್ಲಿದೆ. ರೋಗಿಯನ್ನು ಮಲಗಿಸಿ ತಾನು ತಲೆಯ ಹಿಂದೆ, ಕಣ್ಣಿಗೆ ಬೀಳದ ಹಾಗೆ ಕೂರುತ್ತಿದ್ದುದಕ್ಕೆ ಅವನು ಕೊಟ್ಟ ಕಾರಣಗಳಲ್ಲಿ ಒಂದು ತೀರಾ ಖಾಸಗಿಯದು. ದಿನಕ್ಕೆ ಎಂಟು ಗಂಟೆ ಹೊತ್ತು ಜನ ತನ್ನ ಮುಖವನ್ನೇ ದಿಟ್ಟಿಸುವುದನ್ನು ತಡೆದುಕೊಳ್ಳಲಾರೆ ಎಂದು 1913ರ ಲೇಖನವೊಂದರಲ್ಲಿ ಬರೆದಿದ್ದಾನೆ. ಒಂದು ಪಂಥದ ಲಾಂಛನವೇ ಆಗಿಹೋದ ಏರ್ಪಾಡಿನ ಹಿಂದೆ ಡಾಕ್ಟರರ ಮುಜುಗರವೂ ಕೆಲಸ ಮಾಡಿತ್ತು ಅನ್ನುವುದು ನನಗೆ ಯಾವತ್ತೂ ಖುಷಿ ಕೊಡುವ ವಿಷಯ.

ಮಂಚ ಇಲ್ಲದೆಯೂ ಅವನ ಕೆಲಸ ನಡೆಯುತ್ತಿತ್ತು. 1890ರ ದಶಕದ ಆರಂಭದಲ್ಲಿ, ಬೇಸಿಗೆ ರಜೆಗೆಂದು ಬಂದವನು ಆಲ್ಪ್ಸ್‌ನ ಒಂದು ಬೆಟ್ಟ ಹತ್ತಿ, ಮೇಲಿನ ತಂಗುಮನೆಯಲ್ಲಿ ಊಟ ಮುಗಿಸಿ ಕೂತಿದ್ದ. ಊಟ ಬಡಿಸಿದ್ದ ಹುಡುಗಿ, ಹದಿನೆಂಟರ ಆಸುಪಾಸಿನವಳು, ಹತ್ತಿರ ಬಂದು ತಾವು ಡಾಕ್ಟರಾ ಎಂದು ಕೇಳಿದಳು. ಬಂದವರು ಹೆಸರು ಬರೆಯುವ ಪುಸ್ತಕದಲ್ಲಿ ನೋಡಿಕೊಂಡಿದ್ದಳು. ಅವಳಿಗೆ ಆಗಾಗ ಉಸಿರು ಕಟ್ಟುತ್ತಿತ್ತು, ತಲೆಯೊಳಗೆ ಗುಂಯ್‌ಗುಡುತ್ತಿತ್ತು, ಒಂದು ಭಯಂಕರ ಮುಖ ತನ್ನನ್ನೇ ನೋಡಿದ ಹಾಗೆ ಕಾಣುತ್ತಿತ್ತು. ಅಲ್ಲೇ ಕೂತು ಫ್ರಾಯ್ಡ್ ಒಂದೊಂದೇ ಪ್ರಶ್ನೆ ಕೇಳುತ್ತ ಹೋದ. ಅವಳು ಕಿಟಕಿಯಲ್ಲಿ ಕಂಡ ಒಂದು ದೃಶ್ಯ, ಅದಕ್ಕೂ ಹಿಂದೆ ಮನೆಯ ಗಂಡಸೊಬ್ಬ ಅವಳ ಮೇಲೆ ಕೈಹಾಕಲು ಬಂದದ್ದು, ಎರಡೂ ಹೊರಗೆ ಬಂದವು. ಹೇಳುತ್ತ ಹೇಳುತ್ತ ಅವಳ ಮುಖ ತಿಳಿಯಾಯಿತಂತೆ. 1895ರಲ್ಲಿ ವೈದ್ಯ ಮಿತ್ರ ಬ್ರಾಯರ್ ಜೊತೆಗೂಡಿ ತಂದ ಪುಸ್ತಕದಲ್ಲಿ 'ಕ್ಯಾಥರೀನಾ' ಎಂಬ ಹೆಸರಿನಲ್ಲಿ ಈ ಪ್ರಕರಣ ಇದೆ; ಆ ಗಂಡಸನ್ನು ಅಲ್ಲಿ ಚಿಕ್ಕಪ್ಪ ಎಂದು ಕರೆದಿದ್ದ. ಅವನು ಚಿಕ್ಕಪ್ಪನಲ್ಲ, ತಂದೆಯೇ ಎಂದು 1924ರ ಅಡಿಟಿಪ್ಪಣಿಯೊಂದರಲ್ಲಿ ಒಪ್ಪಿಕೊಂಡ. ಇಂದು ಯಾರಾದರೂ ಒಂದೇ ಭೇಟಿಯಲ್ಲಿ ಇಷ್ಟು ಮಾಡಿದರೆ ಅದನ್ನು ಮನೋವಿಶ್ಲೇಷಣೆ ಎಂದು ಯಾವ ಸಂಸ್ಥೆಯೂ ಒಪ್ಪಲಾರದು. ಹೆಚ್ಚೆಂದರೆ ಸೈಕೋಡೈನಮಿಕ್ ಎಂದಾರು!

ಏಕೆಂದರೆ ಮನೋವಿಶ್ಲೇಷಣೆ ಎನಿಸಿಕೊಳ್ಳಲು ಲೆಕ್ಕಾಚಾರ ಇದೆ. ವಾರಕ್ಕೆ ನಾಲ್ಕೈದು ದಿನ, ದಿನಕ್ಕೆ ಮುಕ್ಕಾಲು ಗಂಟೆಯಿಂದ ಐವತ್ತು ನಿಮಿಷ, ವರ್ಷಗಟ್ಟಲೆ. ರೋಗಿ ಮಲಗಿಕೊಂಡು ತಲೆಗೆ ಬಂದದ್ದನ್ನು ಸೋಸದೆ ಹೇಳಬೇಕು. ವಿಶ್ಲೇಷಕರು ಸಲಹೆ ಕೊಡುವುದಿಲ್ಲ, ಸಮಾಧಾನ ಹೇಳುವುದಿಲ್ಲ, ತಮ್ಮ ಮನೆಯ ಸುದ್ದಿ ತೆಗೆಯುವುದಿಲ್ಲ. ಅರ್ಥ ಬಿಡಿಸಿ ಹೇಳುವುದಷ್ಟೇ ಅವರ ಕೆಲಸ. ಅಂತರರಾಷ್ಟ್ರೀಯ ಮನೋವಿಶ್ಲೇಷಣಾ ಸಂಘ ತರಬೇತಿಯ ನಿಯಮವನ್ನು 2017ರಲ್ಲಿ ಸ್ವಲ್ಪ ಸಡಿಲಿಸಿ ವಾರಕ್ಕೆ ಮೂರರಿಂದ ಐದು ದಿನ ಆದೀತು ಎಂದಿತು. ಆ ಒಂದು ದಿನದ ರಿಯಾಯಿತಿಗೂ ಒಳಗೆ ಸಾಕಷ್ಟು ಚರ್ಚೆ ಆಗಿತ್ತು.

ಸೈಕೋಡೈನಮಿಕ್ ಥೆರಪಿಯಲ್ಲಿ ಮಂಚವಿಲ್ಲ, ಎದುರುಬದುರು ಕುರ್ಚಿ. ವಾರಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು. ಹದಿನಾರು ಭೇಟಿಗೆ ಮುಗಿಸುವ ಪದ್ಧತಿಯೂ ಉಂಟು, ವರ್ಷಗಟ್ಟಲೆ ನಡೆಯುವುದೂ ಉಂಟು. ಇವೆಲ್ಲ ಹೊರಗಿನ ಗುರುತುಗಳು. ಒಳಗೆ ಏನಾಗುತ್ತದೆ ಎಂಬುದಕ್ಕೆ ಒಂದು ಕಲ್ಪಿತ ಸಂಜೆಯನ್ನು ನೋಡೋಣ.

ಹುಬ್ಬಳ್ಳಿ ಕಡೆಯ ಎಂಜಿನಿಯರ್, ಮೂವತ್ತೈದು ವಯಸ್ಸು, ಬೆಂಗಳೂರಿನಲ್ಲಿ ಕೆಲಸ. ನಿದ್ದೆ ಬರುವುದಿಲ್ಲ. ಆಫೀಸಿನಲ್ಲಿ ಯಾರು ಏನು ಹೇರಿದರೂ ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ಮನೆಗೆ ಬಂದರೆ ಸಣ್ಣಪುಟ್ಟದ್ದಕ್ಕೂ ಹೆಂಡತಿಯ ಮೇಲೆ ರೇಗುತ್ತಾನೆ. ಕೆಲವು ತಿಂಗಳಿಂದ ಪ್ರತಿ ಗುರುವಾರ ಸಂಜೆ ಥೆರಪಿಗೆ ಬರುತ್ತಿದ್ದಾನೆ. ಹೋದ ವಾರ ಥೆರಪಿಸ್ಟ್, ತಾವು ಮುಂದಿನ ತಿಂಗಳು ಎರಡು ವಾರ ಸಿಗುವುದಿಲ್ಲ ಎಂದು ತಿಳಿಸಿದ್ದರು. 'ಆಗಲಿ ಮೇಡಂ' ಎಂದಿದ್ದ. ಈ ವಾರ ಇಪ್ಪತ್ತು ನಿಮಿಷ ತಡವಾಗಿ ಬಂದ. ಕೈಯಲ್ಲಿ ಧಾರವಾಡ ಪೇಢೆಯ ಡಬ್ಬಿ.

'ಊರಿಗೆ ಹೋಗಿದ್ದೆ ಮೇಡಂ, ತಗೋರಿ.'

ಅವರು ಡಬ್ಬಿ ತೆಗೆದುಕೊಂಡು ಮೇಜಿನ ಮೇಲಿಡುತ್ತಾರೆ. 'ಥ್ಯಾಂಕ್ಸ್. ಹೋದ ವಾರ ನಾನು ರಜೆ ವಿಷಯ ಹೇಳಿದಾಗ ನೀವು ಏನೂ ಅನ್ನಲಿಲ್ಲ.'

'ಅದರಾಗ ಅನ್ನೂದೇನೈತ್ರಿ? ನಿಮಗೂ ರಜಾ ಬೇಕಲ್ಲ.'

'ಬೇಕು. ಆದರೂ ಇವತ್ತು ತಡವಾಯ್ತು, ಪೇಢೆಯೂ ಬಂತು.'

ನಗುತ್ತಾನೆ. ಆಮೇಲೆ ತುಸು ಹೊತ್ತು ಮಾತಿಲ್ಲ. ಥೆರಪಿಸ್ಟ್ ಆ ಮೌನವನ್ನು ತುಂಬಲು ಹೋಗುವುದಿಲ್ಲ. ಅವನೇ ಎಲ್ಲಿಂದಲೋ ಮಾತು ತೆಗೆಯುತ್ತಾನೆ. ಅಪ್ಪ ಸಿಟ್ಟಿನಲ್ಲಿ ಮನೆಗೆ ಬಂದ ದಿನ ಯಾರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ, ಅವ್ವ ಅಡುಗೆಮನೆ ಬಿಟ್ಟು ಬರುತ್ತಿರಲಿಲ್ಲ, ತಾನೇ ಹೋಗಿ ಅಪ್ಪನ ಕಾಲು ಒತ್ತುತ್ತ ಕೂರುತ್ತಿದ್ದೆ ಎನ್ನುತ್ತಾನೆ.

'ನಿಮಗೆ ಸಿಟ್ಟು ಬರ್ತಿರಲಿಲ್ವಾ?'

'ನಮಗ ಸಿಟ್ಟು ಮಾಡಾಕ ಎಲ್ಲಿ ಟೈಮ್ ಇತ್ರೀ ಮೇಡಂ.'

ಥೆರಪಿಯ ಸಾಮಗ್ರಿ ಇಷ್ಟೇ. ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್ಕಿನ ಡೇವಿಡ್ ಮಲಾನ್ 1979ರ ಪುಸ್ತಕದಲ್ಲಿ ಇದನ್ನು ತ್ರಿಕೋನವಾಗಿ ಬರೆದು ತೋರಿಸಿದರು. ಒಂದು ಮೂಲೆಯಲ್ಲಿ ಅಂದಿನ ಅಪ್ಪ, ಇನ್ನೊಂದರಲ್ಲಿ ಇಂದಿನ ಬಾಸ್, ಮೂರನೆಯದರಲ್ಲಿ ಎದುರಿಗೇ ಕೂತ ಥೆರಪಿಸ್ಟ್. ಮೂರು ಕಡೆಯೂ ಒಂದೇ ನಡೆ: ಸಿಟ್ಟು ಬರಬೇಕಾದ ಜಾಗದಲ್ಲಿ ಸೇವೆ. ಮೂರನೇ ಮೂಲೆಗೆ ಟ್ರಾನ್ಸ್‌ಫರೆನ್ಸ್ ಎಂದು ಹೆಸರು. ಬೇರೆ ಚಿಕಿತ್ಸೆಗಳಿಂದ ಸೈಕೋಡೈನಮಿಕ್ ಥೆರಪಿಯನ್ನು ಬೇರೆಯಾಗಿಸುವುದು ಮುಖ್ಯವಾಗಿ ಇದೇ. ಸಿಬಿಟಿಯವರಾದರೆ 'ಇಲ್ಲ ಅಂದರೆ ಕೆಲಸ ಹೋಗುತ್ತದೆ' ಎಂಬ ಅವನ ಯೋಚನೆಯನ್ನು ಹಿಡಿದು, ಅದು ಎಷ್ಟರಮಟ್ಟಿಗೆ ನಿಜ ಎಂದು ಪರೀಕ್ಷಿಸಲು ಹಚ್ಚಿ, ವಾರದೊಳಗೆ ಒಂದು ಸಲವಾದರೂ ಇಲ್ಲ ಅಂದು ಬರಲು ಹೇಳುತ್ತಿದ್ದರು. ಅದೂ ಒಳ್ಳೆಯ ಕೆಲಸವೇ. ಪೇಢೆಯ ಡಬ್ಬಿ ಮಾತ್ರ ಅಲ್ಲಿ ಬರೀ ಪೇಢೆಯ ಡಬ್ಬಿಯಾಗಿ ಉಳಿಯುತ್ತಿತ್ತು.

ಅದೇ ಮನುಷ್ಯ ವಿಶ್ಲೇಷಕರ ಮಂಚದ ಮೇಲೆ ವಾರಕ್ಕೆ ನಾಲ್ಕು ದಿನ ಮಲಗಿದ್ದರೆ? ಪೇಢೆಯ ಬಗ್ಗೆ ಅಂದೇ ಮಾತು ಬರಬೇಕಾಗಿರಲಿಲ್ಲ. ಅವರು ಕಾಯುತ್ತಿದ್ದರು. ದಿನದಿನವೂ ಭೇಟಿ ಇರುವುದರಿಂದ ಅಪ್ಪನ ಮೇಲಿನ ಹಳೆಯ ಸಿಟ್ಟು ನಿಧಾನಕ್ಕೆ ಪೂರ್ತಿ ಪ್ರಮಾಣದಲ್ಲಿ ವಿಶ್ಲೇಷಕರ ಮೇಲೇ ತಿರುಗುತ್ತಿತ್ತು, ಕನಸಿಗೂ ಬರುತ್ತಿತ್ತು. ಮುಖ ಕಾಣದ್ದರಿಂದ ಅವರು ಸಿಡುಕಿದರೋ ನಕ್ಕರೋ ಎಂದು ಊಹಿಸುವುದರಲ್ಲೇ ಅವನ ಇಡೀ ಬಾಲ್ಯ ಬಿಚ್ಚಿಕೊಳ್ಳುತ್ತಿತ್ತು. ಹಾಗೆ ಬೇಕೆಂದೇ ಬೆಳೆಯಗೊಟ್ಟು, ಆಮೇಲೆ ಎಳೆಎಳೆಯಾಗಿ ಬಿಡಿಸುವುದು ಅಪ್ಪಟ ವಿಶ್ಲೇಷಣೆ. ವಾರಕ್ಕೊಂದು ದಿನದ ಥೆರಪಿಯಲ್ಲಿ ಅಷ್ಟು ಬೆಳೆಯಗೊಟ್ಟರೆ ಮಿಕ್ಕ ಆರು ದಿನ ರೋಗಿ ಅದನ್ನು ಹೊತ್ತುಕೊಂಡು ಒಬ್ಬನೇ ತಿರುಗಬೇಕು. ಆದ್ದರಿಂದ ಇಲ್ಲಿ ಸಿಕ್ಕಿದ್ದನ್ನು ಸಿಕ್ಕಷ್ಟರಲ್ಲೇ ಹಿಡಿದು, ಇವತ್ತಿನ ಬದುಕಿಗೆ ಜೋಡಿಸಿ ಕಳಿಸುತ್ತಾರೆ. ಬೇಕಾದಾಗ ಸಮಾಧಾನವನ್ನೂ ಹೇಳುತ್ತಾರೆ. ಉಡುಗೊರೆ ಮುಟ್ಟಬಾರದು ಎನ್ನುವುದು ಹಳೆಯ ಶಿಸ್ತು; ಮನೆಯಿಂದ ತಂದ ತಿಂಡಿಯನ್ನು ವಾಪಸ್ ಕೊಟ್ಟರೆ ನಮ್ಮಲ್ಲಿ ಅದು ಕಪಾಳಕ್ಕೆ ಹೊಡೆದ ಹಾಗೆ. ತೆಗೆದುಕೊಂಡು ಆಮೇಲೆ ಅದರ ಬಗ್ಗೆ ಮಾತಾಡುವುದೇ ವಾಸಿ ಎಂಬುದು ನನ್ನ ಅಭಿಪ್ರಾಯ.

ಹೀಗೆ ಸಡಿಲಿಸುವ ಯೋಚನೆ ಬಂದದ್ದು ಫ್ರಾಯ್ಡ್‌ನಿಂದಲೇ. 1918ರ ಸೆಪ್ಟೆಂಬರ್, ಮೊದಲ ಮಹಾಯುದ್ಧದ ಕೊನೆಯ ದಿನಗಳು. ಬುಡಾಪೆಸ್ಟ್‌ನ ಸಮ್ಮೇಳನದಲ್ಲಿ ಅವನು ಬಡವರ ಬಗ್ಗೆ ಮಾತಾಡಿದ. ಕ್ಷಯದಂಥ ಕಾಯಿಲೆಗೆ ಹೇಗೋ ಹಾಗೆ ಮನಸ್ಸಿನ ಕಾಯಿಲೆಗೂ ಬಡವರಿಗೆ ಪುಕ್ಕಟೆ ಚಿಕಿತ್ಸೆ ಸಿಗುವ ಕಾಲ ಬರುತ್ತದೆ, ಆಗ ವಿಶ್ಲೇಷಣೆಯ ಅಪ್ಪಟ ಚಿನ್ನಕ್ಕೆ ನೇರ ಸಲಹೆಯ ತಾಮ್ರವನ್ನು ಬೆರೆಸಬೇಕಾಗುತ್ತದೆ ಎಂದ. 1920ರಲ್ಲಿ ಬರ್ಲಿನ್‌ನಲ್ಲಿ, 1922ರಲ್ಲಿ ವಿಯೆನ್ನಾದಲ್ಲಿ ಅಂಥ ಕ್ಲಿನಿಕ್‌ಗಳು ತೆರೆದವು. ಆದರೆ ಹೋಲಿಕೆ ಮಾತ್ರ ಶಾಪವಾಗಿ ಅಂಟಿಕೊಂಡಿತು. ಮುಂದಿನ ಐವತ್ತು ವರ್ಷ ಎಲ್ಲರೂ ಚಿನ್ನದವರಾಗಲು ಹೊರಟರು, ತಾಮ್ರದವರನ್ನು ಕೀಳಾಗಿ ಕಂಡರು. ಫ್ರಾಯ್ಡ್ ನಮ್ಮ ಚಿನಿವಾರ ಪೇಟೆಯಲ್ಲಿ ಓಡಾಡಿದ್ದರೆ ಬೇರೆ ಹೋಲಿಕೆ ಹುಡುಕಿಕೊಳ್ಳುತ್ತಿದ್ದನೇನೋ. 24 ಕ್ಯಾರೆಟ್ಟಿನ ಚಿನ್ನ ಮೆತ್ತಗೆ, ತಿಜೋರಿಗೆ ಸರಿ. ದಿನಾ ಹಾಕಿಕೊಳ್ಳುವ ಒಡವೆಗೆ ತಾಮ್ರವೋ ಬೆಳ್ಳಿಯೋ ಬೆರೆಯಲೇಬೇಕು ಎಂದು ಯಾವ ಅಕ್ಕಸಾಲಿಗನೂ ಹೇಳುತ್ತಿದ್ದ.

ಜಗಳ ಜೋರಾದದ್ದು ಅಮೆರಿಕದಲ್ಲಿ. 1946ರಲ್ಲಿ ಷಿಕಾಗೊದ ವಿಶ್ಲೇಷಕರಾದ ಫ್ರಾನ್ಜ್ ಅಲೆಕ್ಸಾಂಡರ್ ಮತ್ತು ಥಾಮಸ್ ಫ್ರೆಂಚ್, ಭೇಟಿಗಳ ಸಂಖ್ಯೆಯನ್ನು ರೋಗಿಗೆ ತಕ್ಕಂತೆ ಹೆಚ್ಚುಕಡಿಮೆ ಮಾಡಬಹುದು, ಅರ್ಥ ಬಿಡಿಸುವುದಕ್ಕಿಂತ ಚಿಕಿತ್ಸಕರ ಜೊತೆ ಸಿಗುವ ಹೊಸ ಅನುಭವವೇ ಗುಣಪಡಿಸುತ್ತದೆ ಎಂದರು. ಸಂಪ್ರದಾಯಸ್ಥರು ಸಿಡಿದೆದ್ದರು. 1954ರಲ್ಲಿ ವಿಶ್ಲೇಷಕ ಮರ್ಟನ್ ಗಿಲ್ ಬಿಗಿಯಾದ ಗೆರೆ ಎಳೆದರು: ತಟಸ್ಥ ವಿಶ್ಲೇಷಕ, ಪೂರ್ತಿ ಬೆಳೆದ ಟ್ರಾನ್ಸ್‌ಫರೆನ್ಸ್, ಅದನ್ನು ಬಿಡಿಸಲು ಅರ್ಥವಿವರಣೆ ಒಂದೇ ಸಾಧನ. ಇದಕ್ಕೆ ಹೊರಗಿದ್ದದ್ದು ಬರೀ ಸೈಕೋಥೆರಪಿ. ಸಿದ್ಧಾಂತದ ಜೊತೆಗೆ ಇದರಲ್ಲಿ ಕಸುಬಿನ ಮರ್ಯಾದೆಯ ಪ್ರಶ್ನೆಯೂ ಇತ್ತು ಎಂದು ಹೇಳಲೇಬೇಕು. ಅಲ್ಲಿನ ಮುಖ್ಯ ಸಂಘ ವೈದ್ಯರಲ್ಲದವರಿಗೆ ಪೂರ್ಣ ತರಬೇತಿಯ ಬಾಗಿಲನ್ನು ಹೆಚ್ಚುಕಡಿಮೆ ಮುಚ್ಚಿಯೇ ಇಟ್ಟಿತ್ತು. ಮನಶ್ಶಾಸ್ತ್ರಜ್ಞರು 1985ರಲ್ಲಿ ಕೋರ್ಟಿಗೆ ಹೋಗಿ 1988ರಲ್ಲಿ ರಾಜಿಯಾದ ಮೇಲೆಯೇ ಅದು ಸರಿಯಾಗಿ ತೆರೆದದ್ದು. ಫ್ರಾಯ್ಡ್ ಮಾತ್ರ ವೈದ್ಯರಲ್ಲದವರೂ ವಿಶ್ಲೇಷಕರಾಗಬಹುದು ಎಂದು 1926ರಲ್ಲೇ ಒಂದು ಪುಸ್ತಕ ಬರೆದು ವಾದಿಸಿದ್ದ.

ಚಿನ್ನ-ತಾಮ್ರದ ಲೆಕ್ಕವನ್ನು ಕೆಡಿಸಿದ್ದು ವಿಶ್ಲೇಷಕರದೇ ಒಂದು ಅಧ್ಯಯನ. ಕನ್ಸಾಸ್‌ನ ಟೊಪೀಕಾದಲ್ಲಿದ್ದ ಮೆನಿಂಜರ್ ಸಂಸ್ಥೆ 1950ರ ದಶಕದಲ್ಲಿ 42 ರೋಗಿಗಳನ್ನು ಆರಿಸಿ ಅಧ್ಯಯನಕ್ಕೆ ತೊಡಗಿತು. ಹೆಚ್ಚುಕಡಿಮೆ ಅರ್ಧ ಜನಕ್ಕೆ ಮನೋವಿಶ್ಲೇಷಣೆ, ಉಳಿದವರಿಗೆ ಥೆರಪಿ. ದಶಕಗಳ ಕಾಲ ಅವರ ಬದುಕನ್ನು ಗಮನಿಸಿದ ಮೇಲೆ ರಾಬರ್ಟ್ ವಾಲರ್‌ಸ್ಟೈನ್ 1986ರಲ್ಲಿ ಫಲಿತಾಂಶದ ದಪ್ಪ ಪುಸ್ತಕ ತಂದರು. ಎರಡು ವಿಷಯ ಬಯಲಾದವು. ಅಪ್ಪಟ ಎಂದುಕೊಂಡಿದ್ದ ವಿಶ್ಲೇಷಣೆಗಳಲ್ಲೂ ಧೈರ್ಯ ಹೇಳುವುದು, ದಾರಿ ತೋರುವುದು ಧಾರಾಳವಾಗಿ ಬೆರೆತಿತ್ತು. ಹಾಗೆ ಬೆರೆತ ಚಿಕಿತ್ಸೆಯಿಂದ ಬಂದ ಬದಲಾವಣೆಗಳೂ ಬಾಳಿಕೆ ಬಂದಿದ್ದವು. ಅರ್ಥವಾದರೆ ಮಾತ್ರ ಬದಲಾವಣೆ ನಿಲ್ಲುತ್ತದೆ, ಆಸರೆಯಿಂದ ಬಂದದ್ದು ಆಸರೆ ತಪ್ಪಿದ ಕೂಡಲೇ ಕುಸಿಯುತ್ತದೆ ಎಂದು ನಂಬಿದ್ದವರಿಗೆ ಇದು ಸಣ್ಣ ಪೆಟ್ಟಲ್ಲ. ಅದನ್ನು ತಾವೇ ಅಳೆದು ತಾವೇ ಅಚ್ಚುಹಾಕಿಸಿದ ಅವರ ಪ್ರಾಮಾಣಿಕತೆಯನ್ನು ಮೆಚ್ಚಬೇಕು.

ಹಾಗಾದರೆ ಸೈಕೋಡೈನಮಿಕ್ ಥೆರಪಿಯಿಂದ ಗುಣವಾಗುತ್ತದೆಯೇ? ಸಿಬಿಟಿಯ ಬೆನ್ನಿಗಿರುವಷ್ಟು ಪ್ರಯೋಗಗಳು ಇದಕ್ಕಿಲ್ಲ. ಫ್ರಾಯ್ಡ್‌ವಾದಿಗಳು ಬಹುಕಾಲ ಅಳೆಸಿಕೊಳ್ಳುವುದೇ ಅವಮಾನ ಎಂಬಂತೆ ನಡೆದುಕೊಂಡರು. 2010ರಲ್ಲಿ ಮನಶ್ಶಾಸ್ತ್ರಜ್ಞ ಜೊನಾಥನ್ ಶೆಡ್ಲರ್ ಅಷ್ಟುಹೊತ್ತಿಗೆ ಆಗಿದ್ದ ಅಧ್ಯಯನಗಳನ್ನು ಒಟ್ಟು ಹಾಕಿ, ಇದರ ಪರಿಣಾಮ ಬೇರೆ ಚಿಕಿತ್ಸೆಗಳಿಗೆ ಕಡಿಮೆಯೇನಲ್ಲ, ಮುಗಿದ ಮೇಲೂ ಬೆಳೆಯುತ್ತ ಹೋಗುತ್ತದೆ ಎಂದು ವಾದಿಸಿದರು. ಅವರ ಲೆಕ್ಕದ ಬಗ್ಗೆ ತಕರಾರುಗಳೂ ಬಂದವು. ನನಗೆ ಹೆಚ್ಚು ತೂಕದ್ದು ಅನಿಸುವುದು 2015ರಲ್ಲಿ ಪ್ರಕಟವಾದ ಟ್ಯಾವಿಸ್ಟಾಕ್ ಅಧ್ಯಯನ. ಔಷಧಿಗೂ ಬೇರೆ ಚಿಕಿತ್ಸೆಗೂ ಬಗ್ಗದ, ಬಹುಕಾಲದ ಖಿನ್ನತೆಯ 129 ಜನರಲ್ಲಿ ಅರ್ಧದಷ್ಟು ಜನಕ್ಕೆ ಮಾಮೂಲಿ ಚಿಕಿತ್ಸೆಯ ಜೊತೆಗೆ ಹದಿನೆಂಟು ತಿಂಗಳು ವಾರಕ್ಕೊಂದು ಭೇಟಿ. ಮುಗಿದ ಕೂಡಲೇ ನೋಡಿದರೆ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಎರಡು ವರ್ಷ ಬಿಟ್ಟು ನೋಡಿದಾಗ ಥೆರಪಿ ಪಡೆದವರು ಎದ್ದು ಕಾಣುವಷ್ಟು ಮುಂದಿದ್ದರು. ಇನ್ನೊಂದು ಮಾತು: ಅಲ್ಲಿ ಕೊಟ್ಟದ್ದು ವಾರಕ್ಕೆ ಒಂದೇ ದಿನ, ಆದರೂ ಅಧ್ಯಯನ ಅದನ್ನು ಕರೆದದ್ದು ಮನೋವಿಶ್ಲೇಷಣಾತ್ಮಕ ಥೆರಪಿ ಎಂದು. ಬ್ರಿಟನ್ನಿನಲ್ಲಿ ಈ ಹೆಸರನ್ನೂ ಸೈಕೋಡೈನಮಿಕ್ ಎಂಬುದನ್ನೂ ಒಂದರ ಬದಲು ಒಂದು ಬಳಸುವವರು ಬೇಕಾದಷ್ಟಿದ್ದಾರೆ.

ಭಾರತಕ್ಕೆ ಮನೋವಿಶ್ಲೇಷಣೆ ಬಂದದ್ದು ತಡವಾಗಿಯೇನಲ್ಲ. ಗಿರೀಂದ್ರಶೇಖರ ಬೋಸ್ 1922ರಲ್ಲೇ ಕಲ್ಕತ್ತಾದಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದರು. ಫ್ರಾಯ್ಡ್ ಜೊತೆ ವರ್ಷಗಟ್ಟಲೆ ಪತ್ರ ಬರೆದುಕೊಂಡರು, ಒಮ್ಮೆಯೂ ಭೇಟಿಯಾಗಲಿಲ್ಲ. ಗುರುವಿನ ಮಾತನ್ನು ಪೂರ್ತಿ ಒಪ್ಪಲೂ ಇಲ್ಲ. ತಂದೆಯ ಭಯದ ಬಗ್ಗೆ ಫ್ರಾಯ್ಡ್ ಹೇಳಿದ್ದು ತಮ್ಮ ಭಾರತೀಯ ರೋಗಿಗಳಲ್ಲಿ ಯುರೋಪಿಯನ್ನರಲ್ಲಿ ಕಂಡಷ್ಟು ಗಾಢವಾಗಿ ಕಾಣುವುದಿಲ್ಲ ಎಂದು ಅವನಿಗೇ ಬರೆದರು. ಮೈಸೂರಿನವರಾದ ಎ.ಕೆ. ರಾಮಾನುಜನ್ ಬೇರೊಂದು ದಾರಿಯಿಂದ ಇದೇ ಜಾಗಕ್ಕೆ ಬಂದರು. ಮಗನನ್ನೇ ಮದುವೆಯಾಗುವ ಹಣೆಬರಹ ಹೊತ್ತು ಹುಟ್ಟಿದ ಹೆಣ್ಣಿನ ಕನ್ನಡ ಜನಪದ ಕಥೆಯನ್ನು ಮುಂದಿಟ್ಟು, ಫ್ರಾಯ್ಡ್ ಆಧಾರವಾಗಿ ಹಿಡಿದ ಗ್ರೀಕರ ಈಡಿಪಸ್ ಕಥೆ ಮಗನ ಕಡೆಯಿಂದ ನಡೆದರೆ ನಮ್ಮದು ತಾಯಿಯ ಕಡೆಯಿಂದ ನಡೆಯುತ್ತದೆ ಎಂದು ತೋರಿಸಿದರು. ಅಪ್ಪನ ಕಾಲು ಒತ್ತುವ ಹುಡುಗನ ಮುಂದೆ ಕೂತ ಥೆರಪಿಸ್ಟ್‌ಗೆ ಇವೆಲ್ಲ ಪಾಂಡಿತ್ಯದ ವಿಷಯಗಳಲ್ಲ. ಅವನ ವಿಧೇಯತೆಯಲ್ಲಿ ರೋಗವೆಷ್ಟು, ಸಂಸ್ಕಾರವೆಷ್ಟು ಎಂದು ಅವರು ದಿನಾ ತೂಗಿ ನೋಡಬೇಕಾಗುತ್ತದೆ.

ಕನ್ನಡ ಓದುಗರಿಗೆ ಮನಸ್ಸಿನ ಒಳಗೋಣೆಯನ್ನು ತೆರೆದು ತೋರಿಸಿದವರಲ್ಲಿ ತ್ರಿವೇಣಿ ಮುಖ್ಯರು, ಮನಶ್ಶಾಸ್ತ್ರ ಓದಿಕೊಂಡವರು. 'ಶರಪಂಜರ'ದ ಕಾವೇರಿ ಗುಣವಾಗಿ ಮನೆಗೆ ಬಂದರೂ ಮನೆ ಅವಳನ್ನು ಗುಣವಾದವಳೆಂದು ನೋಡುವುದಿಲ್ಲ. ಸೈಕೋಡೈನಮಿಕ್ ಥೆರಪಿಯ ಮಿತಿಯೂ ಅಲ್ಲಿದೆ. ಅದು ಮನಸ್ಸಿನೊಳಗಿನ ಅಪ್ಪನ ಜೊತೆ ಮಾತಾಡಿಸಬಲ್ಲದು, ಮನೆಯಲ್ಲಿ ಕೂತ ಅತ್ತೆ, ಗಂಡ, ನೆರೆಹೊರೆಯನ್ನು ಬದಲಿಸಲಾರದು. ಭ್ರಮೆ, ಉನ್ಮಾದದ ಹೊತ್ತಿನಲ್ಲಿ ಮೊದಲು ಬೇಕಾದ್ದು ಮನೋವೈದ್ಯರು, ಔಷಧಿ. ಕೈ ತೊಳೆದದ್ದನ್ನೇ ತೊಳೆಯುವ ಗೀಳಿಗೆ ಸಿಬಿಟಿಯ ದಾರಿ ಹತ್ತಿರದ್ದು. ಬದುಕೇ ಬೇಡ ಅನಿಸಿದರೆ ಗುರುವಾರದವರೆಗೆ ಕಾಯಬಾರದು. ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಆದರೆ ಕೆಲಸ ಬದಲಿಸಿದರೂ ಊರು ಬದಲಿಸಿದರೂ ಅದೇ ಗೋಳು ಬೆನ್ನು ಬಿಡುತ್ತಿಲ್ಲ ಅನ್ನುವವರಿಗೆ, ಏಕೆ ಹೀಗಾಗುತ್ತಿದೆ ಎಂದು ತಿಳಿಯುವ ಹಟ ಇರುವವರಿಗೆ ಈ ಥೆರಪಿ ಹೇಳಿಮಾಡಿಸಿದ್ದು.

ಹೋಗುವವರು ಮೊದಲ ಭೇಟಿಯಲ್ಲೇ ಕೆಲವು ವಿಷಯ ಕೇಳಿಬಿಡುವುದು ಒಳ್ಳೆಯದು. ಎಲ್ಲಿ ತರಬೇತಿ ಆಯಿತು, ಈಗಲೂ ಹಿರಿಯರೊಬ್ಬರ ಮೇಲ್ವಿಚಾರಣೆ ಇದೆಯೇ, ತಪ್ಪಿಸಿದ ಭೇಟಿಗೆ ಫೀಸು ಕೊಡಬೇಕೇ, ಯಾವಾಗ ನಿಲ್ಲಿಸಬಹುದು ಎಂದು ಹೇಗೆ ತೀರ್ಮಾನಿಸುತ್ತೇವೆ. ತಾವೂ ಎಂದಾದರೂ ರೋಗಿಯ ಜಾಗದಲ್ಲಿ ಕೂತಿದ್ದರೇ ಎಂದೂ ಕೇಳಬಹುದು. ವಿಶ್ಲೇಷಕರಾಗಲು ತಾವೇ ವಿಶ್ಲೇಷಣೆಗೆ ಒಳಗಾಗುವುದು ಕಡ್ಡಾಯ. ಸೈಕೋಡೈನಮಿಕ್ ಎಂದು ಬೋರ್ಡಿನಲ್ಲಿ ಬರೆದುಕೊಳ್ಳಲು ನಮ್ಮಲ್ಲಿ ಅಂಥ ಕಡ್ಡಾಯವೇನೂ ಇಲ್ಲ. ಅವರ ಖಾಸಗಿ ಬದುಕಿನ ವಿವರ ನಿಮಗೆ ಬೇಡ, ಹೌದು ಅಥವಾ ಇಲ್ಲ ಎಂಬ ಉತ್ತರ ಸಾಕು. ಕೇಳಿದ್ದಕ್ಕೇ ಮುಖ ಗಂಟಿಕ್ಕಿದರೆ ಬೇರೆಯವರನ್ನು ನೋಡಿ.